ಒಸಡಿನ ರೋಗ: ಹೆರೆತವೂ ಮದ್ದೂ

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಕಡೆಯೂ ಬಳಕೆಯಲ್ಲಿದೆ. ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ನಿಂತು ಕೇಳಿದರೆ ಮಾತ್ರ ಅದಕ್ಕೆ ಹೆಚ್ಚಿನ ಕಾವು ಬರುತ್ತದೆ. ಹಿಂಗಾರಿಯಲ್ಲಿ ಕಣ್ಣು ಹಾಯುವ ದೂರದವರೆಗೆ ಕಡಲೆ ಬೆಳೆಯುವ ಸೀಮೆ ಇದು. ಮಳೆರಾಯ ಕೃಪೆ ತೋರಿದ ವರ್ಷ ಇಲ್ಲಿ ಕಡಲೆಗೆ ಕೊರತೆಯಿಲ್ಲ. ಜೋಳದ ರೊಟ್ಟಿಗೂ ಕೊರತೆಯಿಲ್ಲ. ಅವುಗಳನ್ನು ಅಗಿಯಬೇಕಾದ ಹಲ್ಲುಗಳು ಮಾತ್ರ ನಲವತ್ತೈದು, ಐವತ್ತರ ವಯಸ್ಸಿಗೇ ಅಲುಗಾಡತೊಡಗಿರುವ ಜನ ಊರೂರಿನಲ್ಲಿ ಸಿಗುತ್ತಾರೆ. ಕಟಕಟ ಒಣರೊಟ್ಟಿಯನ್ನು ಸಾರಿನಲ್ಲಿ ನೆನೆಯಿಟ್ಟು ತಿನ್ನುವ ಇಂಥವರನ್ನು ಕೇಳಿದರೆ ‘ವಯಸ್ಸಾಯಿತು’ ಎಂಬ ಒಂದೇ ಉತ್ತರ.

ಈ ಉತ್ತರಕ್ಕೆ ನಮ್ಮ ಸಾಹಿತ್ಯವೂ ಒಂದಿಷ್ಟು ಹೊಣೆಯೆಂದು ಹೇಳಬಹುದು. ಮುಪ್ಪನ್ನು ವರ್ಣಿಸುವಾಗ ನಮ್ಮ ಕವಿಗಳೂ ಶರಣರೂ ನೆರೆತ ಕೂದಲು, ಬಾಗಿದ ಬೆನ್ನುಗಳ ಜೊತೆಯಲ್ಲಿಯೇ ಉದುರಿದ ಹಲ್ಲನ್ನೂ ಎಣಿಸಿದರು. ಕೂದಲು ನೆರೆಯುವುದು ಕಾಲಧರ್ಮ, ನಿಜ. ಆದರೆ ಹಲ್ಲು ಉದುರುವುದು ಕಾಲಧರ್ಮವಲ್ಲ. ದೊಡ್ಡವರ ಹಲ್ಲು ಹೀಗೆ ಸಡಿಲಗೊಂಡು ಬೀಳುವುದಕ್ಕೆ ಬಹುಪಾಲು ಕಾರಣ ಒಸಡಿನ ರೋಗ. ಅದಕ್ಕೆ ಚಿಕಿತ್ಸೆಯುಂಟು, ಚಿಕಿತ್ಸೆಗೆ ಎರಡು ಸಾವಿರ ವರ್ಷಗಳಿಗೆ ಕಡಿಮೆಯಿಲ್ಲದ ಇತಿಹಾಸವೂ ಉಂಟು. ಅಲುಗಾಡುವ ಹಲ್ಲನ್ನು ಕೀಳದೆ, ಒಸಡನ್ನು ಕತ್ತರಿಸದೆ, ಹಲ್ಲಿನ ಬೇರನ್ನು ಹೆರೆದು ಶುಚಿಮಾಡಿ, ಬೇಕಾದವರಿಗೆ ಅದರ ಜೊತೆಗೆ ಆಂಟಿಬಯೋಟಿಕ್ ಮದ್ದನ್ನು ಕೊಡುವ ಪದ್ಧತಿ ಹೇಗೆ ಬೆಳೆದುಬಂತು, ಹೆರೆತಕ್ಕೂ ಮದ್ದಿಗೂ ಇರುವ ಸಂಬಂಧವೇನು ಎಂಬುದನ್ನು ತುಸು ವಿಚಾರಿಸೋಣ. ನಾನು ವೈದ್ಯನಲ್ಲ, ಹಳೆಯ ಗ್ರಂಥಗಳನ್ನು ಓದಿ ಪಾಠ ಹೇಳಿದವನು. ಆದರೆ ಈ ಕಥೆಯ ಮೊದಲ ಅಧ್ಯಾಯ ಹಳೆಯ ಗ್ರಂಥಗಳಲ್ಲಿಯೇ ಇದೆ.

ಮೊದಲು ರೋಗದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಹಲ್ಲಿನ ಮೇಲೆ, ಅದರಲ್ಲಿಯೂ ಒಸಡಿನ ಅಂಚಿನಲ್ಲಿ, ದಿನದಿನವೂ ಒಂದು ಮೆದುವಾದ ಲೋಳೆ ಕೂಡುತ್ತದೆ. ಜನ ಇದನ್ನು ಪಾಚಿ ಎನ್ನುತ್ತಾರೆ. ಒಳ್ಳೆಯ ಹೆಸರು, ಏಕೆಂದರೆ ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಇದೂ ಜೀವವುಳ್ಳದ್ದು, ಅಸಂಖ್ಯ ಸೂಕ್ಷ್ಮಜೀವಿಗಳ ವಸತಿ. ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಗಾರೆಯ ಒರಟು ಮೈಮೇಲೆ ಮತ್ತಷ್ಟು ಪಾಚಿ ನಿಲ್ಲುತ್ತದೆ. ಒಸಡು ಕೆಂಪಾಗಿ ಊದಿಕೊಳ್ಳುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. ಇದು ಮೊದಲ ಹಂತ. ಇಲ್ಲಿಗೇ ತಡೆದರೆ ಒಸಡು ಪೂರ್ತಿಯಾಗಿ ಮೊದಲಿನಂತಾಗುತ್ತದೆ. ತಡೆಯದಿದ್ದರೆ ಕೆಲವರಲ್ಲಿ ರೋಗ ಕೆಳಗಿಳಿಯುತ್ತದೆ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದು ಉಂಟಾಗುತ್ತದೆ. ವೈದ್ಯರು ಇದನ್ನು ಪಾಕೆಟ್ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಕಿಸೆ. ಆರೋಗ್ಯವಂತ ಒಸಡಿನ ಸಂದು ಮೂರು ಮಿಲಿಮೀಟರು ಮೀರುವುದಿಲ್ಲ. ರೋಗ ಬಲಿತಾಗ ಅದು ಆರು, ಏಳು, ಎಂಟು ಮಿಲಿಮೀಟರು ಆಳವಾಗುತ್ತದೆ. ಹಲ್ಲನ್ನು ಹಿಡಿದಿರುವ ಎಲುಬು ಒಳಗೊಳಗೇ ಕರಗುತ್ತದೆ. ಕರಗಿದ ಎಲುಬು ತಾನಾಗಿ ಮತ್ತೆ ಬೆಳೆಯುವುದು ಅಪರೂಪ. ಬಹುಮಟ್ಟಿಗೆ ನೋವಿಲ್ಲದೆ ನಡೆಯುವ ಕ್ರಿಯೆ ಇದು, ಆದುದರಿಂದಲೇ ಅಪಾಯಕಾರಿ.

ಇಲ್ಲಿ ಗದಗ ಜಿಲ್ಲೆಯವರಿಗೆ ಒಂದು ಎಚ್ಚರಿಕೆ ಅವಶ್ಯಕ. ಈ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಗಿಂತ ಹೆಚ್ಚಾಗಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮು ದಾಟಿದ ನೀರನ್ನು ಬಾಲ್ಯದಲ್ಲಿ ಕುಡಿದು ಬೆಳೆದವರ ಹಲ್ಲುಗಳಲ್ಲಿ ಹಳದಿ, ಕಂದು ಬಣ್ಣದ ಕರೆಗಳು ಕಾಣುತ್ತವೆ. ಆ ಕರೆ ಹಲ್ಲಿನ ಮೈಯೊಳಗೇ ಸೇರಿದ್ದು. ಉಜ್ಜಿದರೂ ಹೋಗದು, ಹೆರೆದರೂ ಹೋಗದು. ಗಾರೆಯಾದರೋ ಹೊರಗಿನಿಂದ ಬಂದು ಅಂಟಿದ್ದು, ಹೆರೆದರೆ ಹೋಗುತ್ತದೆ. ‘ನಮ್ಮ ನೀರೇ ಇಂಥದು, ಏನು ಮಾಡಿದರೂ ಅಷ್ಟೇ’ ಎಂದು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ಕೈಬಿಟ್ಟವರು ಉಳಿಸಿಕೊಳ್ಳಬಹುದಾಗಿದ್ದ ಹಲ್ಲನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಹಳೆಯ ಗ್ರಂಥಗಳ ಮಾತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ರೋಗಗಳು ಅರವತ್ತೈದು ಎಂಬ ಎಣಿಕೆಯಿದೆ. ಅವುಗಳಲ್ಲಿ ದಂತಮೂಲದ, ಎಂದರೆ ಒಸಡಿನ, ರೋಗಗಳು ಹದಿನೈದು. ಹಲ್ಲಿನ ರೋಗಗಳು ಎಂಟೇ. ಹಲ್ಲಿಗಿಂತ ಒಸಡಿನ ಬೇನೆಗೆ ಹೆಚ್ಚು ಗಮನ ಕೊಟ್ಟಿರುವುದು ಅರ್ಥಪೂರ್ಣವಾಗಿದೆ. ಶೀತಾದವೆಂಬ ರೋಗದಲ್ಲಿ ಕಾರಣವಿಲ್ಲದೆ ರಕ್ತ ಒಸರುತ್ತದೆ, ಒಸಡು ಕಪ್ಪಿಟ್ಟು ಮೆತ್ತಗಾಗಿ ದುರ್ಗಂಧ ಬೀರುತ್ತದೆ. ದಂತವೇಷ್ಟದಲ್ಲಿ ಕೀವು ರಕ್ತಗಳು ಸುರಿದು ಹಲ್ಲು ಚಲಿಸುತ್ತದೆ. ಉಪಕುಶದಲ್ಲಿ ಉರಿಯಿದ್ದು ಹಲ್ಲು ಅಲುಗಾಡುತ್ತದೆ. ಇಂದಿನ ದಂತವೈದ್ಯರು ಈ ವರ್ಣನೆಗಳನ್ನು ಓದಿದರೆ ತಮ್ಮ ರೋಗಿಗಳ ಮುಖ ನೆನಪಿಗೆ ಬರದೆ ಇರದು.

ಇದಕ್ಕಿಂತ ಮುಖ್ಯವಾದದ್ದು ದಂತಶರ್ಕರ ಎಂಬ ರೋಗ. ಶರ್ಕರವೆಂದರೆ ಹರಳು, ಮರಳು. ಸಕ್ಕರೆಗೆ ಆ ಹೆಸರು ಬಂದದ್ದೂ ಹರಳಿನ ರೂಪದಿಂದಲೇ. ಹಲ್ಲಿನ ಮಲ ಗಟ್ಟಿಯಾಗಿ ಹರಳುಗಟ್ಟಿ ನಿಂತರೆ ಅದು ದಂತಶರ್ಕರ. ನಾವು ಮೇಲೆ ಗಾರೆಯೆಂದು ಕರೆದದ್ದು ಇದೇ. ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಹೇಳಿರುವ ಕ್ರಮವನ್ನು ಗಮನಿಸಬೇಕು. ಹಲ್ಲಿನ ಬುಡಕ್ಕೆ ನೋವಾಗದಂತೆ ಶರ್ಕರವನ್ನು ಎತ್ತಿ ತೆಗೆಯಬೇಕು. ಆ ಬಳಿಕ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ತಿಕ್ಕಬೇಕು. ತೆಗೆಯುವುದಕ್ಕೆ ಉಪಕರಣವೂ ಇತ್ತು. ಸುಶ್ರುತ ಎಣಿಸುವ ಇಪ್ಪತ್ತು ಶಸ್ತ್ರಗಳಲ್ಲಿ ದಂತಶಂಕುವೂ ಒಂದು. ಉಪಕುಶಕ್ಕೆ ಒರಟಾದ ಎಲೆಗಳಿಂದ ಒಸಡನ್ನು ಉಜ್ಜಿ ಕೆಟ್ಟ ರಕ್ತವನ್ನು ಹೊರಡಿಸಿ, ಅನಂತರ ಶುಂಠಿ, ಮೆಣಸು, ಹಿಪ್ಪಲಿಗಳೊಡನೆ ಉಪ್ಪನ್ನೂ ಜೇನನ್ನೂ ಸೇರಿಸಿ ಲೇಪಿಸಬೇಕೆಂದಿದೆ. ಎರಡು ಕಡೆಯೂ ಅನುಕ್ರಮ ಒಂದೇ: ಮೊದಲು ಕೈಯ ಕೆಲಸ, ಆಮೇಲೆ ಮದ್ದಿನ ಕೆಲಸ. ಕೊಳೆಯ ಮೇಲೆಯೇ ಮದ್ದು ಬಳಿಯೆಂದು ಹೇಳಿಲ್ಲ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿ ‘ಕಲ್ಯಾಣಕಾರಕ’ವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಆದರೆ ಗ್ರಂಥದ ವಿದ್ಯೆ ಹಳ್ಳಿಯ ಬಾಯಿಗಳನ್ನು ಎಲ್ಲ ಕಾಲದಲ್ಲಿಯೂ ತಲಪಿತೆಂದು ಹೇಳಲಾಗದು. ಹಳ್ಳಿಗಳಲ್ಲಿ ಉಳಿದದ್ದು ಬೇವಿನ ಕಡ್ಡಿ, ಇದ್ದಿಲು, ಉಪ್ಪು. ಸಂತೆ ಜಾತ್ರೆಗಳಲ್ಲಿ ಕುಳಿತು ‘ಹಲ್ಲಿನ ಹುಳು’ ತೆಗೆದು ತೋರಿಸುವ ಕೈಚಳಕ. ನೋವು ತಡೆಯದಾದಾಗ ಇಕ್ಕಳ. ಹೆರೆಯುವ ವಿದ್ಯೆ ನಡುವೆ ಎಲ್ಲಿಯೋ ಕಳೆದುಹೋಯಿತು.

ಅದು ಬೇರೆ ನಾಡುಗಳಲ್ಲಿ ಬೆಳೆಯುತ್ತಿತ್ತು. ಕ್ರಿ.ಶ. 1000ರ ಸುಮಾರಿಗೆ ಸ್ಪೇನಿನ ಕೊರ್ಡೋಬಾದ ಬಳಿಯಲ್ಲಿದ್ದ ಅರಬ್ಬೀ ವೈದ್ಯ ಅಬುಲ್ ಕಾಸಿಂ ಅಲ್ ಜಹ್ರಾವಿ ಹಲ್ಲಿನ ಗಾರೆಯನ್ನು ಹೆರೆಯುವ ಬಗೆಬಗೆಯ ಉಪಕರಣಗಳ ಚಿತ್ರ ಬರೆದಿಟ್ಟನು. ಹಲ್ಲಿನ ಹೊರಮೈಗೆ ಒಂದು ಬಗೆ, ಒಳಮೈಗೆ ಇನ್ನೊಂದು, ಸಂದಿಗೆ ಮತ್ತೊಂದು. ಗಾರೆ ಒಂದೇ ದಿನಕ್ಕೆ ಹೋಗದಿದ್ದರೆ ಎರಡನೆಯ ದಿನ, ಮೂರನೆಯ ದಿನ ಮತ್ತೆ ಹೆರೆಯಬೇಕೆಂದು ಆತನ ಉಪದೇಶ.

ಆದರೆ ಕೊಳೆಯೊಳಗೆ ಇರುವುದೇನು ಎಂಬುದನ್ನು ಮೊದಲು ಕಣ್ಣಾರೆ ಕಂಡವನು ವೈದ್ಯನಲ್ಲ, ಬಟ್ಟೆಯ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಆಂಟೋನಿ ಫಾನ್ ಲೇವೆನ್‌ಹುಕ್ ಬಿಡುವಿನ ವೇಳೆಯಲ್ಲಿ ಗಾಜು ಉಜ್ಜಿ ಮಸೂರಗಳನ್ನು ಮಾಡುತ್ತಿದ್ದನು. 1683ರಲ್ಲಿ ಅವನು ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನು ಮಸೂರದ ಕೆಳಗಿಟ್ಟು ನೋಡಿದಾಗ ಅದರಲ್ಲಿ ಸೂಕ್ಷ್ಮ ಪ್ರಾಣಿಗಳು ಲವಲವಿಕೆಯಿಂದ ಓಡಾಡುತ್ತಿದ್ದವು. ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದು ತಿಳಿಸಿದನು. ಆ ಕಾಗದದಲ್ಲಿ ಇನ್ನೊಂದು ಸಂಗತಿಯೂ ಇದೆ. ಅವನು ಕಡುಹುಳಿಯ ದ್ರಾಕ್ಷಾರಸದ ವಿನೆಗರಿನಿಂದ ಬಾಯಿ ಮುಕ್ಕಳಿಸಿ ಮತ್ತೆ ನೋಡಿದನು. ಕೊಳೆಯ ಹೊರಗಡೆಯ ಜೀವಿಗಳು ಸತ್ತಿದ್ದವು, ಒಳಗಡೆಯವು ಬದುಕಿದ್ದವು. ವಿನೆಗರು ಕೊಳೆಯ ಮೇಲ್ಮೈಯಲ್ಲಿದ್ದವನ್ನು ಮಾತ್ರ ಕೊಂದಿತು, ಅದರ ಒಳಕ್ಕೆ ಇಳಿಯಲಿಲ್ಲ ಎಂದು ಅವನು ತೀರ್ಮಾನಿಸಿದನು. ಮದ್ದಿಗೂ ಪಾಚಿಗೂ ನಡುವಿನ ವ್ಯವಹಾರದ ಸಾರಾಂಶ ಈ ಒಂದು ತೀರ್ಮಾನದಲ್ಲಿದೆ. ಆದರೆ ಅದರ ಬೆಲೆ ತಿಳಿಯುವುದಕ್ಕೆ ಜಗತ್ತಿಗೆ ಮುನ್ನೂರು ವರ್ಷ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಜಾನ್ ರಿಗ್ಸ್ ಒಸಡನ್ನು ಕತ್ತರಿಸುವ ಚಿಕಿತ್ಸೆಯನ್ನು ವಿರೋಧಿಸಿ, ಗಾರೆಯನ್ನು ಬೇರಿನವರೆಗೂ ಹೆರೆದು ನಯಗೊಳಿಸಿದರೆ ಹಲ್ಲು ಉಳಿಯುತ್ತದೆಂದು ಸಾಧಿಸಿದನು. ಕೆಲಕಾಲ ಈ ಬೇನೆಗೆ ರಿಗ್ಸ್ ರೋಗವೆಂದೇ ಹೆಸರಿತ್ತು. 1890ರಲ್ಲಿ ವಿಲೋಬಿ ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಈ ಜ್ಞಾನ ಸರಿದಾರಿಗೇ ಒಯ್ಯಬೇಕಾಗಿತ್ತು. ಸ್ವಲ್ಪ ಕಾಲ ತಪ್ಪುದಾರಿಗೆ ಒಯ್ದಿತು. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದಲ್ಲಿ ಮಾಡಿದ ಭಾಷಣವೊಂದರಲ್ಲಿ ಬಾಯಿಯ ಕೊಳೆತವೇ ದೇಹದ ಅನೇಕ ರೋಗಗಳ ಮೂಲವೆಂದು ವಾದಿಸಿದನು. ಅಲ್ಲಿಂದ ಮುಂದೆ ಕೀಲುನೋವಿಗೆಂದು, ರಕ್ತಹೀನತೆಗೆಂದು ಅಸಂಖ್ಯ ಜನರ ಹಲ್ಲುಗಳನ್ನು ಕಿತ್ತುಹಾಕಿದರು. ಮೂಲವನ್ನು ಹೆರೆಯುವ ಬದಲು ಮೂಲವನ್ನೇ ಕೀಳುವ ಕಾಲ ಅದು.

ಆ ಹೊತ್ತಿಗೆ ನಮ್ಮ ದೇಶದಲ್ಲಿ ದಂತವೈದ್ಯದ ಶಿಕ್ಷಣ ಆರಂಭವಾಗಿರಲಿಲ್ಲ. 1920ರಲ್ಲಿ ಡಾಕ್ಟರ್ ಆರ್. ಅಹಮದ್ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿ ಬಂತು, ಮಣಿಪಾಲದ್ದು 1965ರಲ್ಲಿ. ಧಾರವಾಡಕ್ಕೆ ಎಸ್.ಡಿ.ಎಂ. ದಂತವೈದ್ಯ ಕಾಲೇಜು ಬಂದದ್ದು 1986ರಲ್ಲಿ. ರೋಣ, ನರಗುಂದಗಳು ಆಗ ಧಾರವಾಡ ಜಿಲ್ಲೆಗೇ ಸೇರಿದ್ದವು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಹೀಗೆ, ಹಲ್ಲನ್ನು ಉಳಿಸುವ ವಿದ್ಯೆಯನ್ನು ಕಲಿಸುವ ಶಾಲೆಯೊಂದು ಈ ಸೀಮೆಯ ಜನ ಬಸ್ಸು ಹತ್ತಿ ಹೋಗಿ ಬರುವ ದೂರಕ್ಕೆ ಬಂದು ಇನ್ನೂ ಅರ್ಧ ಶತಮಾನವಾಗಿಲ್ಲ.

ಈ ಅವಧಿಯಲ್ಲಿ ಹೆರೆಯುವ ವಿದ್ಯೆಗೆ ಶಾಸ್ತ್ರದ ಬೆಂಬಲ ದೊರೆಯಿತು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸಿನಲ್ಲಿ ಹರಾಲ್ಡ್ ಲೋ ಎಂಬ ವಿದ್ವಾಂಸರು ಆರೋಗ್ಯವಾದ ಒಸಡಿದ್ದ ತರುಣರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಕೆಲವೇ ದಿನಗಳಲ್ಲಿ ವಾಸಿಯಾಯಿತು. ಪಾಚಿಯೇ ಕಾರಣವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಮಾಲ್ಮೆಯ ಸಂಶೋಧಕರು ಆಳವಾದ ಕಿಸೆಗಳನ್ನು ಕೂಡ ಒಸಡು ಬಿಡಿಸದೆ, ಕೈಯ ಉಪಕರಣಗಳಿಂದಲೋ ಧ್ವನ್ಯತೀತ ಕಂಪನದ ಯಂತ್ರದಿಂದಲೋ ಶುಚಿಮಾಡಿ ಗುಣಪಡಿಸಬಹುದೆಂದು ತೋರಿಸಿದರು. ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಗೆ ಇದರಿಂದ ಗಟ್ಟಿಯಾದ ನೆಲೆ ಸಿಕ್ಕಿತು.

ಇನ್ನು ಮದ್ದಿನ ಕಥೆ. 1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನನ್ನು ಕಂಡುಹಿಡಿದುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಯಲ್ಲಾಪ್ರಗಡ ಸುಬ್ಬರಾಯರು ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ, ಅಲ್ಲಿನ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂಗಾರದ ಬಣ್ಣದ ಮದ್ದೊಂದನ್ನು ಪಡೆದರು. 1948ರಲ್ಲಿ ಹೊರಬಂದ ಆ ಆರಿಯೋಮೈಸಿನ್ನೇ ಟೆಟ್ರಾಸೈಕ್ಲಿನ್ ಬಳಗದ ಹಿರಿಯ. ಒಸಡಿನ ಚಿಕಿತ್ಸೆಯಲ್ಲಿ ಹೆಚ್ಚು ಕಾಲ ದುಡಿದ ಬಳಗವೂ ಅದೇ. ನಮ್ಮಲ್ಲಿ ಪುಣೆಯ ಬಳಿಯ ಪಿಂಪರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಗಿ ಈ ಜಾತಿಯ ಮದ್ದುಗಳು ಬಡವರ ಕೈಗೆಟುಕತೊಡಗಿದವು.

ಒಸಡಿಗೂ ಇನ್ನೊಂದು ಮದ್ದಿಗೂ ನಂಟು ಬೆಳೆದದ್ದು ಆಕಸ್ಮಿಕವಾಗಿ. ಮೆಟ್ರೊನಿಡಜೋಲ್ ಎಂಬುದು ಸ್ತ್ರೀಯರ ಒಂದು ಸೋಂಕಿಗಾಗಿ ಬಂದ ಮದ್ದು. ಅದನ್ನು ಸೇವಿಸುತ್ತಿದ್ದ ಇಂಗ್ಲೆಂಡಿನ ಮಹಿಳೆಯೊಬ್ಬಳಿಗೆ ಒಸಡಿನ ಹುಣ್ಣೂ ಇತ್ತು. ಮದ್ದು ತೆಗೆದುಕೊಂಡ ವಾರದಲ್ಲಿ ಎರಡೂ ವಾಸಿಯಾದವು. 1962ರಲ್ಲಿ ಡಿ. ಎಲ್. ಎಸ್. ಶಿನ್ ಎಂಬ ದಂತವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಗಾಳಿಯಾಡದ ಕಡೆ ಬಾಳುವ ಸೂಕ್ಷ್ಮಜೀವಿಗಳನ್ನು ಈ ಮದ್ದು ಕೊಲ್ಲುತ್ತದೆಂದೂ, ಆಳವಾದ ಒಸಡಿನ ಕಿಸೆ ಅಂಥ ಜೀವಿಗಳ ತವರೆಂದೂ ಆಮೇಲೆ ಸ್ಪಷ್ಟವಾಯಿತು.

ಎಪ್ಪತ್ತರ ದಶಕದಲ್ಲಿ ಮತ್ತೊಂದು ಒಗಟು ಬಿಡಿಸಿತು. ಹದಿಹರೆಯದ ಕೆಲವರಲ್ಲಿ, ಹಲ್ಲು ತಕ್ಕಮಟ್ಟಿಗೆ ಶುಚಿಯಾಗಿದ್ದರೂ, ಮುಂದಿನ ಹಲ್ಲುಗಳ ಮತ್ತು ಮೊದಲ ದವಡೆಹಲ್ಲುಗಳ ಸುತ್ತಣ ಎಲುಬು ವೇಗವಾಗಿ ಕರಗುತ್ತಿತ್ತು. ಇವರ ಒಸಡಿನಲ್ಲಿ ಸಿಕ್ಕಿದ ಸೂಕ್ಷ್ಮಜೀವಿಗೆ ಆಗ ಇದ್ದ ಹೆಸರು ಆಕ್ಟಿನೋಬ್ಯಾಸಿಲಸ್ ಆಕ್ಟಿನೋಮೈಸಿಟೆಮ್‌ಕಾಮಿಟನ್ಸ್. ಒಂದೇ ಉಸಿರಿಗೆ ಹೇಳಲಾಗದ ಈ ಹೆಸರಿನ ಕೊನೆಯ ಪದಕ್ಕೆ ಸಂಗಡ ಬರುವವನು ಎಂಬ ಅರ್ಥವಿದೆ. ಇನ್ನೊಂದು ಜೀವಿಯ ಸಂಗಾತಿಯಾಗಿ ಅದು ಮೊದಲು ಕಂಡುದರಿಂದ ಹಾಗೆ ಕರೆದರು. ಈ ಜೀವಿ ಹಲ್ಲಿನ ಮೇಲೆ ಮಾತ್ರ ಇರದೆ ಒಸಡಿನ ಮಾಂಸದೊಳಗೂ ನುಸುಳುತ್ತದೆ. ಹೆರೆಯುವ ಉಪಕರಣ ಅಲ್ಲಿಗೆ ಮುಟ್ಟದು. ರಕ್ತದ ಮೂಲಕ ಹೋಗುವ ಮದ್ದು ಮುಟ್ಟುತ್ತದೆ. ಮೊದಲು ಟೆಟ್ರಾಸೈಕ್ಲಿನ್ನನ್ನು ಪ್ರಯೋಗಿಸಿದರು. 1989ರಲ್ಲಿ ಹಾಲೆಂಡಿನ ಫಾನ್ ವಿಂಕೆಲ್‌ಹಾಫ್ ಮತ್ತು ಸಂಗಡಿಗರು ಬೇರನ್ನು ಶುಚಿಮಾಡಿದ ಮೇಲೆ ಮೆಟ್ರೊನಿಡಜೋಲ್, ಅಮಾಕ್ಸಿಸಿಲಿನ್ ಎರಡನ್ನೂ ಕೂಡಿಸಿ ಕೊಟ್ಟು ಒಳ್ಳೆಯ ಫಲ ಪಡೆದರು. ಮಸೂರದ ವ್ಯಾಪಾರಿಯ ನಾಡಿನಿಂದಲೇ ಈ ಜೋಡಿ ಮದ್ದು ಬಂದುದು ಇತಿಹಾಸದ ಒಂದು ಸೊಗಸು. ಅದರ ಪ್ರಮಾಣವನ್ನು ಇಲ್ಲಿ ಹೇಳುವುದು ಉಚಿತವಲ್ಲ. ಹೇಳಿದರೆ ಚೀಟಿಯಿಲ್ಲದೆ ಅಂಗಡಿಗೆ ಹೋಗುವವರಿಗೆ ಅದೇ ಚೀಟಿಯಾದೀತು.

ದೇಹಕ್ಕೆಲ್ಲ ಮದ್ದು ಉಣಿಸುವ ಬದಲು ಕಿಸೆಯೊಳಗೆ ಮಾತ್ರ ಇಡಬಾರದೇಕೆ ಎಂಬ ಯೋಚನೆಯೂ ಬಂತು. ಈ ದಿಕ್ಕಿನಲ್ಲಿ ಕರ್ನಾಟಕದ ಕಾಣಿಕೆ ಉಲ್ಲೇಖಾರ್ಹ. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜಿನಲ್ಲಿ ಎ. ಆರ್. ಪ್ರದೀಪ್ ಮತ್ತು ಸಂಗಡಿಗರು ಅಜಿತ್ರೋಮೈಸಿನ್ ಮದ್ದನ್ನು ಲೇಹ್ಯದಂಥ ಜೆಲ್ಲಾಗಿ ಮಾಡಿ, ಹೆರೆತದ ತರುವಾಯ ಕಿಸೆಯೊಳಗೆ ತುಂಬಿ, ಬರಿಯ ಹೆರೆತಕ್ಕಿಂತ ಹೆಚ್ಚು ಗುಣ ಕಂಡುದನ್ನು 2008ರಲ್ಲಿ ಪ್ರಕಟಿಸಿದರು. ಜೇನಿನಲ್ಲಿ ಕಲಸಿದ ಅರಗಿನ ಪುಡಿಗೂ ಈ ಜೆಲ್ಲಿಗೂ ವಸ್ತುವಿನಲ್ಲಿ ಹೋಲಿಕೆಯಿಲ್ಲ, ಶಕ್ತಿಯಲ್ಲಿಯೂ ಇಲ್ಲ. ಕ್ರಮದಲ್ಲಿ ಮಾತ್ರ ಹೋಲಿಕೆಯಿದೆ. ಹಳೆಯದರಲ್ಲಿ ಎಲ್ಲವೂ ಇತ್ತು ಎಂದು ಹೆಮ್ಮೆಪಡುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಸುಶ್ರುತನ ಕಾಲಕ್ಕೆ ಸೂಕ್ಷ್ಮಜೀವಿಯ ಕಲ್ಪನೆಯಿರಲಿಲ್ಲ. ಆದರೂ ಕೈಯ ಅನುಭವ ಕಂಡುಕೊಂಡ ಅನುಕ್ರಮ ಸರಿಯಾಗಿತ್ತು.

ಮದ್ದೊಂದೇ ಸಾಲದೇಕೆ? ಲೇವೆನ್‌ಹುಕ್ ಕಂಡದ್ದೇ ಉತ್ತರ. ಪಾಚಿಯ ಜೀವಿಗಳು ತಮ್ಮ ಸುತ್ತ ಒಂದು ಅಂಟಿನ ಕೋಟೆಯನ್ನು ಕಟ್ಟಿಕೊಂಡಿರುತ್ತವೆ. ವಿಜ್ಞಾನಿಗಳು ಅದನ್ನು ಬಯೋಫಿಲ್ಮ್ ಎನ್ನುತ್ತಾರೆ. ಬಿಡಿಯಾಗಿ ತೇಲುವ ಜೀವಿಯನ್ನು ಕೊಲ್ಲುವ ಮದ್ದಿನ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು ಮದ್ದನ್ನು ಕೋಟೆಯೊಳಗಿನ ಜೀವಿ ತಾಳಬಲ್ಲದು. ನರಗುಂದದ ಗುಡ್ಡವನ್ನೋ ಗಜೇಂದ್ರಗಡದ ಕೋಟೆಯನ್ನೋ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಟೆಯ ಗೋಡೆ ಬೀಳದೆ ಒಳಗಿನವರು ಶರಣಾಗುವುದಿಲ್ಲ. ಹೆರೆಯುವ ಉಪಕರಣ ಗೋಡೆಯನ್ನು ಒಡೆಯುತ್ತದೆ. ಚದುರಿದವರನ್ನು ಮದ್ದು ಅಟ್ಟಿಸಿಕೊಂಡು ಹೋಗುತ್ತದೆ. ಅದಕ್ಕೇ ಮದ್ದನ್ನು ಹೆರೆತದೊಡನೆ, ತಡಮಾಡದೆ ಕೊಡುವುದು.

ಹಾಗಾದರೆ ಎಲ್ಲರಿಗೂ ಎರಡನ್ನೂ ಕೊಡಬಾರದೆ? ಇದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಶ್ರೀಲಂಕೆಯ ಚಹಾ ತೋಟಗಳಲ್ಲಿ ಹಲ್ಲುಜ್ಜುವ ರೂಢಿಯೂ ದಂತವೈದ್ಯರ ಸೌಕರ್ಯವೂ ಇಲ್ಲದಿದ್ದ 480 ಗಂಡು ಕೂಲಿಕಾರರನ್ನು ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಿಂದ ಹದಿನೈದು ವರ್ಷ ಪರೀಕ್ಷಿಸಿದರು. 1986ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೂರಕ್ಕೆ 8 ಜನರಲ್ಲಿ ರೋಗ ವೇಗವಾಗಿ ಮುಂದುವರಿದು ಹಲ್ಲುಗಳನ್ನು ಕೆಡವಿತು, 81 ಜನರಲ್ಲಿ ಮಂದವಾಗಿ ನಡೆಯಿತು, 11 ಜನರಲ್ಲಿ ಒಸಡಿನ ಊತದಿಂದ ಮುಂದಕ್ಕೆ ಹೋಗಲೇ ಇಲ್ಲ. ಕೊಳೆ ಎಲ್ಲರಲ್ಲಿಯೂ ಒಂದೇ ತೆರ, ಹಾನಿ ಮಾತ್ರ ಬೇರೆ ಬೇರೆ. ಆದುದರಿಂದ ಶುಚಿ ಎಲ್ಲರಿಗೂ ಬೇಕು. ಮದ್ದಿನ ನೆರವು ಕೆಲವರಿಗೆ ಮಾತ್ರ. 2020ರಲ್ಲಿ ಯುರೋಪಿನ ಒಸಡುತಜ್ಞರ ಒಕ್ಕೂಟ ಹೊರಡಿಸಿದ ಮಾರ್ಗದರ್ಶಿಯ ತಾತ್ಪರ್ಯವೂ ಇದೇ. ಹೆರೆತದ ಜೊತೆಗೆ ನುಂಗುವ ಆಂಟಿಬಯೋಟಿಕ್ಕನ್ನು ವಾಡಿಕೆಯಾಗಿ ಕೊಡಕೂಡದು. ರೋಗ ಬಾಯಿತುಂಬ ತೀವ್ರವಾಗಿ ಹರಡಿರುವ ತರುಣ ವಯಸ್ಕರಂಥ ನಿರ್ದಿಷ್ಟ ರೋಗಿಗಳಲ್ಲಿ ಮಾತ್ರ ಯೋಚಿಸಬಹುದು. ಮದ್ದಿನಿಂದ ಸಿಗುವ ಹೆಚ್ಚಿನ ಲಾಭವಾದರೂ ಎಷ್ಟು? ಕಿಸೆಯ ಆಳದಲ್ಲಿ ಸರಾಸರಿ ಸುಮಾರು ಅರ್ಧ ಮಿಲಿಮೀಟರು. ತೀರ ಆಳವಾದ ಕಡೆ ತುಸು ಹೆಚ್ಚು. ಹಲ್ಲೇ ಬೀಳುವಂತಿರುವ ಇಪ್ಪತ್ತೈದರ ಯುವಕನಿಗೆ ಆ ಅರ್ಧ ಮಿಲಿಮೀಟರು ಅಮೂಲ್ಯ. ಉಳಿದವರಿಗೆ ಅದಕ್ಕಾಗಿ ತೆರುವ ಬೆಲೆ ಹೆಚ್ಚು.

ಆ ಬೆಲೆ ಯಾವುದೆಂಬುದನ್ನು ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಹೇಳಿದ್ದರು. ಮುಂದೊಂದು ದಿನ ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಕ್ಕೀತು. ಆಗ ತಿಳಿವಳಿಕೆಯಿಲ್ಲದವನು ಕಡಿಮೆ ಪ್ರಮಾಣದಲ್ಲಿ ತಿಂದು ಸೂಕ್ಷ್ಮಜೀವಿಗಳನ್ನು ಕೊಲ್ಲದೆ, ಮದ್ದನ್ನು ತಡೆದುಕೊಳ್ಳುವುದನ್ನು ಅವಕ್ಕೆ ಕಲಿಸಿಬಿಟ್ಟಾನು ಎಂದು ಅವರು ಎಚ್ಚರಿಸಿದರು. ಹಾಗೆ ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತಿಂದವನೊಬ್ಬನ ಕಥೆಯನ್ನು ಕಲ್ಪಿಸಿ ಹೇಳಿದರು. ಪಳಗಿದ ಆ ಜೀವಿಗಳು ಅವನ ಹೆಂಡತಿಗೆ ತಗಲಿದಾಗ ಪೆನಿಸಿಲಿನ್ ಕೆಲಸಮಾಡದೆ ಆಕೆ ಸಾಯುತ್ತಾಳೆ. ಅರೆಬರೆ ತಿಂದವನು ಒಬ್ಬ, ಸತ್ತವಳು ಇನ್ನೊಬ್ಬಳು ಎಂಬುದನ್ನು ಮರೆಯಬಾರದು.

ಈ ಕಥೆ ನಮ್ಮ ತಾಲೂಕಿನ ಪೇಟೆಗಳಲ್ಲಿ ದಿನವೂ ನಡೆಯುತ್ತದೆ. ಒಸಡು ಬಾತು ಕೀವು ಕಟ್ಟಿದಾಗ ರೈತ ನೇರವಾಗಿ ಔಷಧದ ಅಂಗಡಿಗೆ ಹೋಗಿ ‘ಹಲ್ಲುನೋವಿಗೆ ಗುಳಿಗೆ ಕೊಡಿ’ ಎನ್ನುತ್ತಾನೆ. ಕಾನೂನಿನ ಪ್ರಕಾರ ವೈದ್ಯರ ಚೀಟಿ ಬೇಕು. ರೂಢಿಯಲ್ಲಿ ನಾಲ್ಕು ಗುಳಿಗೆ ಸಿಗುತ್ತವೆ. ಎರಡು ತಿಂದೊಡನೆ ಊತ ಇಳಿಯುತ್ತದೆ. ಉಳಿದ ಎರಡು ಗೂಡಿನಲ್ಲಿ ಉಳಿಯುತ್ತವೆ, ಮುಂದೆ ಮನೆಯ ಇನ್ನಾರಿಗೋ. ನೋವು ಹೋಯಿತೆಂದು ಅವನು ಸಮಾಧಾನಪಡುತ್ತಾನೆ. ಗಾರೆ ಇದ್ದಲ್ಲಿಯೇ ಇದೆ, ಕಿಸೆ ಇದ್ದಲ್ಲಿಯೇ ಇದೆ, ಎಲುಬು ಕರಗುತ್ತಲೇ ಇದೆ. ಹೀಗೆ ನಾಲ್ಕಾರು ವರ್ಷ ಕಳೆದರೆ ಹಲ್ಲೂ ಹೋಗುತ್ತದೆ, ಮದ್ದಿನ ಕಸುವೂ ಹೋಗುತ್ತದೆ. ಹಲ್ಲು ಹೋದರೆ ಒಬ್ಬನ ನಷ್ಟ. ಮದ್ದಿನ ಕಸುವು ಹೋದರೆ ನಾಳೆ ಅದೇ ಮನೆಯ ಬಾಣಂತಿಯ ಜ್ವರಕ್ಕೆ, ಕೂಸಿನ ನ್ಯುಮೋನಿಯಕ್ಕೆ ಮದ್ದು ಉಳಿಯುವುದಿಲ್ಲ.

ಜನ ಹೆರೆಸಿಕೊಳ್ಳುವುದಕ್ಕೆ ಹೋಗದೆ ಇರುವುದಕ್ಕೆ ಬರಿಯ ಉದಾಸೀನವೊಂದೇ ಕಾರಣವಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚಿದೆ, ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಇವೆಲ್ಲ ನಿಜವಾದ ತೊಡಕುಗಳು. ಆದರೆ ಎಲ್ಲಕ್ಕಿಂತ ದೊಡ್ಡ ತೊಡಕು ಒಂದು ನಂಬಿಕೆ: ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು. ಈ ನಂಬಿಕೆ ಹುಟ್ಟಿರುವುದು ಕಣ್ಣಾರೆ ಕಂಡ ಅನುಭವದಿಂದ. ಆದುದರಿಂದ ಅದನ್ನು ಗೇಲಿಮಾಡಿ ಪ್ರಯೋಜನವಿಲ್ಲ. ವರ್ಷಗಟ್ಟಲೆ ಬೆಳೆದ ಗಾರೆ ಹಲ್ಲು ಹಲ್ಲುಗಳ ನಡುವೆ ತುಂಬಿ ಅವನ್ನು ಒಂದಕ್ಕೊಂದು ಬೆಸೆದಿರುತ್ತದೆ. ಅದರ ಅಡಿಯಲ್ಲಿ ಎಲುಬು ಎಂದೋ ಕರಗಿದೆ. ಗಾರೆ ತೆಗೆದೊಡನೆ ಸಂದು ಕಾಣುತ್ತದೆ, ಹಲ್ಲು ಅಲುಗಿದಂತಾಗುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಗೆದ್ದಲು ತಿಂದ ಗೋಡೆಗೆ ಆನಿಸಿದ್ದ ಮಣ್ಣಿನ ಹುತ್ತವನ್ನು ತೆಗೆದಾಗ ಗೋಡೆ ಅಲುಗಿದರೆ ತಪ್ಪು ತೆಗೆದವನದಲ್ಲ. ಕೆಲವು ವಾರಗಳಲ್ಲಿ ಊತ ಇಳಿದು ಒಸಡು ಬಿಗಿದುಕೊಳ್ಳುತ್ತದೆ. ಬಹಳಷ್ಟು ಹಲ್ಲುಗಳು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತವೆ. ಎರಡು ಮೂರು ತಿಂಗಳಾದ ಮೇಲೆ ವೈದ್ಯರು ಕಿಸೆಯ ಆಳವನ್ನು ಮತ್ತೆ ಅಳೆದು, ಮುಂದೇನು ಬೇಕೆಂದು ನಿರ್ಧರಿಸುತ್ತಾರೆ.

ಹಳೆಯ ಮನೆಮದ್ದುಗಳ ಸ್ಥಾನವೇನು ಎಂದು ಕೇಳಬಹುದು. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಪಾಲ್ ಕೀಸ್ ಎಂಬ ಸಂಶೋಧಕರು ಉಪ್ಪು, ಅಡುಗೆಸೋಡ, ಪೆರಾಕ್ಸೈಡುಗಳಿಂದ ಉಜ್ಜಿ, ಬೇಕಾದಾಗ ಆಂಟಿಬಯೋಟಿಕ್ ಕೊಟ್ಟು ಶಸ್ತ್ರಕ್ರಿಯೆಯನ್ನು ತಪ್ಪಿಸಬಹುದೆಂದು ಪ್ರತಿಪಾದಿಸಿದಾಗ ಅಲ್ಲಿ ದೊಡ್ಡ ಕೋಲಾಹಲವೇ ಆಯಿತು. ನಾಲ್ಕು ವರ್ಷಗಳ ಪರೀಕ್ಷೆಯ ಬಳಿಕ 1989ರಲ್ಲಿ ಗೊತ್ತಾದದ್ದು ಇಷ್ಟು: ಉಪ್ಪು, ಪೆರಾಕ್ಸೈಡುಗಳಿಂದ ಉಜ್ಜಿದವರಿಗೂ ಸಾಮಾನ್ಯ ಪೇಸ್ಟಿನಿಂದ ಉಜ್ಜಿದವರಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ. ಉಪ್ಪಿನಿಂದ ಕೇಡಿಲ್ಲ, ಗುಣ ಇರುವುದು ಉಜ್ಜುವ ಕೈಯಲ್ಲಿ. ಆದರೆ ಸುಟ್ಟ ತಂಬಾಕಿನ ಮಿಸ್ರಿಯಿಂದ ಒಸಡು ತಿಕ್ಕುವುದು, ಬೀಡಿ, ಗುಟ್ಕಾಗಳು ಬೇರೆ ಮಾತು. ಕರ್ನಾಟಕ ಸರಕಾರ ಗುಟ್ಕಾವನ್ನು 2013ರಲ್ಲಿಯೇ ನಿಷೇಧಿಸಿತು. ಹೊಗೆಸೊಪ್ಪು ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ಅದು ಆರೋಗ್ಯದ ಕುರುಹಲ್ಲ, ಮುಚ್ಚಿದ ಗಾಯ. ಸಕ್ಕರೆ ಕಾಯಿಲೆಯೂ ಹಾಗೆಯೇ. ಅದು ಒಸಡನ್ನು ಕೆಡಿಸುತ್ತದೆ. ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ.

ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ‘ದಂತಭಾಗ್ಯ’ ಯೋಜನೆಯನ್ನು ನಮ್ಮ ಸರಕಾರ ಹಮ್ಮಿಕೊಂಡದ್ದು ಸ್ತುತ್ಯವೇ ಸರಿ. ಆದರೆ ಕಟ್ಟಿಸಿದ ಹಲ್ಲಿಗಿಂತ ಹುಟ್ಟಿದ ಹಲ್ಲು ಮೇಲು. ನಲವತ್ತರಲ್ಲಿ ಹೆರೆಸಿಕೊಳ್ಳುವ ಅನುಕೂಲ ಮನೆಯ ಹತ್ತಿರವೇ ಸಿಕ್ಕಿದರೆ ಅರವತ್ತರಲ್ಲಿ ಕಟ್ಟಿಸುವ ಖರ್ಚು ಸರಕಾರಕ್ಕೂ ಉಳಿಯುತ್ತದೆ. 2015ರಲ್ಲಿ ಗದಗಿಗೆ ವೈದ್ಯಕೀಯ ವಿಜ್ಞಾನ ಸಂಸ್ಥೆ ಬಂದಿದೆ; ಧಾರವಾಡ, ಬೆಳಗಾವಿಗಳಲ್ಲಿ ದಂತವೈದ್ಯ ಕಾಲೇಜುಗಳಿವೆ. ಈ ವಿದ್ಯೆ ಸಂತೆಯ ದಿನ ರೋಣಕ್ಕೆ, ನರಗುಂದಕ್ಕೆ, ಗಜೇಂದ್ರಗಡಕ್ಕೆ ತಾನೇ ನಡೆದು ಬರುವಂತಾಗಬೇಕು. ಹಿಂದೆ ಸಂತೆಗೆ ಬರುತ್ತಿದ್ದವರು ಇಲ್ಲದ ಹುಳುವನ್ನು ತೆಗೆದು ತೋರಿಸಿ ಹೋಗುತ್ತಿದ್ದರು. ಇನ್ನು ಬರುವವರು ಇರುವ ಗಾರೆಯನ್ನು ತೆಗೆಯಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸ್ವಲ್ಪವೇ ಆದರೂ ಸಣ್ಣದಲ್ಲ. ಉಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸದೆ ದಂತವೈದ್ಯರಿಗೆ ತೋರಿಸುವುದು. ಅವರು ಹೆರೆಯಬೇಕೆಂದರೆ ಹೆರೆಸಿಕೊಳ್ಳುವುದು. ಮದ್ದು ಬೇಡವೆಂದರೆ ಕೇಳಿ ಪಡೆಯದಿರುವುದು. ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿಯಾಗಿ ಸೇವಿಸುವುದು. ಗೂಡಿನಲ್ಲಿ ಉಳಿದ ಎರಡು ಗುಳಿಗೆಗಳನ್ನು ಮನೆಯವರಾರೂ ಮುಟ್ಟದಿರಲಿ.